ಆರು ವಿಧಾನಗಳು, ಮೂರು ಪ್ರಶ್ನೆಗಳು

ಗಣಕಯಂತ್ರದ ಮಾತು ಬಂದಾಗ ಜನರ ಮೆಚ್ಚುಗೆಯು ಸಹಜವಾಗಿ ಅದರ ಗಣನಶಕ್ತಿಯ ಕಡೆಗೂ ಸ್ಮರಣಶಕ್ತಿಯ ಕಡೆಗೂ ಹರಿಯುವುದು. ಮೊದಲು ವಿದ್ಯಾರ್ಥಿಯಾಗಿ, ಆಮೇಲೆ ಕೆಲವು ಕಾಲ ಯಂತ್ರನಿಯಂತ್ರಣದ ಉದ್ಯೋಗಿಯಾಗಿ, ಕಡೆಗೆ ಅಧ್ಯಾಪಕನಾಗಿ, ಮೈಕ್ರೊಪ್ರೊಸೆಸರುಗಳ ಸಹವಾಸದಲ್ಲಿಯೇ ಆಯುಷ್ಯದ ಬಹುಭಾಗವನ್ನು ಕಳೆದ ನನಗಾದರೋ, ಆ ಯಂತ್ರಪರಿವಾರದಲ್ಲಿ ಅತಿಶಯವಾದ ಗೌರವವನ್ನು ಹುಟ್ಟಿಸಿದುದು, ಕೂಡುವುದನ್ನಾಗಲಿ ಗುಣಿಸುವುದನ್ನಾಗಲಿ ಅರಿಯದೆ, ತನಗೆ ಕೊಟ್ಟ ಸಂಖ್ಯೆಯಿಂದ ಒಂದೊಂದನ್ನೇ ಕಳೆಯುತ್ತ ಸೊನ್ನೆಗೆ ಇಳಿಯುವ ಒಂದು ಸಣ್ಣ ಉಪಕರಣ. ಇಂಟೆಲ್ ಸಂಸ್ಥೆಯು 1970ರ ದಶಕದಲ್ಲಿ ತನ್ನ ಎಂಟು ಬಿಟ್ಟಿನ ಪ್ರೊಸೆಸರುಗಳಿಗೆ ಜೊತೆಯಾಗಿ ಹೊರತಂದ ಚಿಪ್ಪುಗಳಲ್ಲಿ ಒಂದಾದ ಅದಕ್ಕೆ 8253 ಎಂದು ಸಂಖ್ಯೆ. ಪ್ರೋಗ್ರಾಮಬಲ್ ಇಂಟರ್ವಲ್ ಟೈಮರ್ ಎಂದು ಹೆಸರು. 24 ಕಾಲುಗಳ ಆ ಕಪ್ಪು ಚಿಪ್ಪಿನೊಳಗೆ ಪರಸ್ಪರ ಸ್ವತಂತ್ರವಾದ ಮೂರು ಕೌಂಟರುಗಳು. ಒಂದೊಂದಕ್ಕೂ 16 ಬಿಟ್ಟಿನ ಅಗಲ. ಹೊರಗಿನ ಲೋಕದೊಡನೆ ಒಂದೊಂದಕ್ಕೂ ಮೂರೇ ತಂತಿಗಳ ಸಂಬಂಧ: ಎಣಿಸಬೇಕಾದ ಸ್ಪಂದನಗಳನ್ನು ತರುವ ಕ್ಲಾಕ್, ಎಣಿಕೆಗೆ ಅಪ್ಪಣೆಯನ್ನು ಕೊಡುವ ಗೇಟ್, ಎಣಿಕೆಯ ಫಲವನ್ನು ಲೋಕಕ್ಕೆ ತಿಳಿಸುವ ಔಟ್. ಇಷ್ಟು ಅಲ್ಪವಾದ ಸಾಮಗ್ರಿಯಿಂದ ಆ ಚಿಪ್ಪು ಆರು ವಿಧವಾಗಿ ವರ್ತಿಸಬಲ್ಲುದು. ಆ ಆರು ವಿಧಾನಗಳನ್ನು ನಾನು ಕಲಿತ ಬಗೆಯನ್ನೂ, ಅವು ಮುಂದೆ ನನ್ನ ಕೆಲಸದಲ್ಲಿ ಮತ್ತೆ ಮತ್ತೆ ಎದುರಾದ ಬಗೆಯನ್ನೂ ಬರೆದಿಡಬೇಕೆಂಬುದು ಬಹುಕಾಲದ ಇಚ್ಛೆ.

1980ರ ದಶಕದ ನಡುವಣ ವರ್ಷಗಳಲ್ಲಿ ನಾನು ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಓದುತ್ತಿದ್ದೆನು. ಪ್ರಯೋಗಶಾಲೆಯಲ್ಲಿ 8085 ಪ್ರೊಸೆಸರಿನ ತರಬೇತಿ ಕಿಟ್ಟುಗಳಿದ್ದುವು. ನಾವು ಹದಿನಾರರ ಮಾನದ ಅಂಕಿಗಳನ್ನು ಪುಟ್ಟ ಕೀಲಿಮಣೆಯ ಮೇಲೆ ಒಂದೊಂದಾಗಿ ಒತ್ತಿ, ಕೆಂಪು ಅಕ್ಷರಗಳಲ್ಲಿ ಮೂಡುವ ಉತ್ತರಕ್ಕಾಗಿ ಎದುರುನೋಡುತ್ತಿದ್ದೆವು. ಸ್ವಲ್ಪ ಕಾಲ ತಡೆದು ದೀಪವೊಂದನ್ನು ಹೊತ್ತಿಸಬೇಕೆಂದರೆ ನಮಗೆ ಆಗ ತಿಳಿದಿದ್ದ ಉಪಾಯ ಒಂದೇ: ರಿಜಿಸ್ಟರುಗಳ ಜೋಡಿಯೊಂದಕ್ಕೆ ದೊಡ್ಡ ಸಂಖ್ಯೆಯನ್ನು ತುಂಬುವುದು, ಒಂದನ್ನು ಕಳೆಯುವುದು, ಸೊನ್ನೆಯಾಯಿತೇ ಎಂದು ನೋಡುವುದು, ಆಗಿಲ್ಲದಿದ್ದರೆ ಹಿಂದಕ್ಕೆ ಹೋಗಿ ಪುನಃ ಕಳೆಯುವುದು. ಒಂದು ಸುತ್ತಿಗೆ 24 ಟಿ-ಸ್ಟೇಟುಗಳು, ಎಂದರೆ ಪ್ರೊಸೆಸರಿನ ಕ್ಲಾಕಿನ 24 ಸ್ಪಂದನಗಳು; 6.144 ಮೆಗಾಹರ್ಟ್ಸಿನ ಹರಳನ್ನು ಪ್ರೊಸೆಸರು ತನ್ನೊಳಗೇ ಎರಡರಿಂದ ಭಾಗಿಸಿಕೊಳ್ಳುವುದರಿಂದ ಒಂದು ಸುತ್ತಿಗೆ ಎಂಟು ಮೈಕ್ರೊಸೆಕೆಂಡಿಗೆ ತುಸು ಕಡಮೆ. ಗಣಿತವೇನೋ ಸುಂದರವಾಗಿಯೇ ಇದ್ದಿತು. ಆದರೆ ಹೀಗೆ ಕಾಲವನ್ನು ಕಳೆಯುವ ಪ್ರೊಸೆಸರಿಗೆ ಬೇರೆ ಯಾವ ಕೆಲಸಕ್ಕೂ ಬಿಡುವಿರುವುದಿಲ್ಲ. ನಡುವೆ ಇಂಟರಪ್ಟ್ ಒಂದು ಬಂದು ಅದರ ಗಮನವನ್ನು ಸೆಳೆದರೆ ವಿಳಂಬವು ಅಷ್ಟರಮಟ್ಟಿಗೆ ಹಿಗ್ಗುವುದು. ನಾಳೆ ಬೇರೆ ವೇಗದ ಹರಳನ್ನು ಕೂರಿಸಿದರೆ ಇಂದಿನ ಲೆಕ್ಕವೆಲ್ಲ ವ್ಯರ್ಥವಾಗುವುದು. ಕಾಯುವ ಕೆಲಸವನ್ನು ಕಾಯುವುದಕ್ಕೆಂದೇ ಹುಟ್ಟಿದ ಬೇರೊಂದು ಉಪಕರಣಕ್ಕೆ ಒಪ್ಪಿಸಬೇಕೆಂಬ ವಿವೇಕವು ಈ ಮೂರು ಕಷ್ಟಗಳಿಂದ ಹುಟ್ಟಿತೆಂಬುದನ್ನು ನಮ್ಮ ಅಧ್ಯಾಪಕರು ಮೊದಲು ಮನಗಾಣಿಸಿ, ಅನಂತರವೇ 8253ರ ಹೆಸರನ್ನು ಹಲಗೆಯ ಮೇಲೆ ಬರೆದರು.

ಪಠ್ಯಪುಸ್ತಕಗಳಲ್ಲಿ ಆ ಆರು ವಿಧಾನಗಳು ಒಂದು ಪಟ್ಟಿಯ ರೂಪದಲ್ಲಿ ಬರುವುವು. ಮೋಡ್ 0, ಎಣಿಕೆ ಮುಗಿದಾಗ ಇಂಟರಪ್ಟ್. ಮೋಡ್ 1, ಒನ್-ಶಾಟ್. ಮೋಡ್ 2, ರೇಟ್ ಜನರೇಟರ್. ಮೋಡ್ 3, ಚೌಕಾಕಾರದ ತರಂಗ. ಮೋಡ್ 4, ಸಾಫ್ಟ್‌ವೇರಿನಿಂದ ಹೊರಡುವ ಸ್ಟ್ರೋಬ್. ಮೋಡ್ 5, ಹಾರ್ಡ್‌ವೇರಿನಿಂದ ಹೊರಡುವ ಸ್ಟ್ರೋಬ್. ಪಟ್ಟಿಯ ಪಕ್ಕದಲ್ಲಿ ಏರುವ ಇಳಿಯುವ ಗೆರೆಗಳ ಚಿತ್ರಗಳು. ಪರೀಕ್ಷೆಯ ಹಿಂದಿನ ರಾತ್ರಿ ಈ ಗೆರೆಗಳನ್ನು ಉರು ಹೊಡೆದು, ಮರುದಿನ ಉತ್ತರಪತ್ರಿಕೆಯಲ್ಲಿ ಇಳಿಸಿ, ಅದರ ಮರುದಿನ ಮರೆಯುವುದು ಎಲ್ಲೆಡೆಯೂ ನಡೆದುಬಂದ ಸಂಪ್ರದಾಯ. ನಮ್ಮ ಅಧ್ಯಾಪಕರು ಆ ದಾರಿಯನ್ನು ಹಿಡಿಯಲಿಲ್ಲ. ಅವರು ಮೊದಲು ಸೂರ್ಯಸಿದ್ಧಾಂತದಲ್ಲಿ ಹೇಳಿರುವ ಘಟಿಕಾಪಾತ್ರೆಯನ್ನು ನೆನೆಸಿದರು: ತಳದಲ್ಲಿ ಸೂಕ್ಷ್ಮವಾದ ರಂಧ್ರವುಳ್ಳ ತಾಮ್ರದ ಬಟ್ಟಲು, ಶುದ್ಧವಾದ ನೀರಿನ ಮೇಲಿಟ್ಟರೆ ಒಂದು ಅಹೋರಾತ್ರದಲ್ಲಿ 60 ಸಲ ಮುಳುಗುವುದು. ಬಟ್ಟಲಿಗೆ ಗೊತ್ತಿರುವುದು ತುಂಬುವುದೂ ಮುಳುಗುವುದೂ ಮಾತ್ರ. ಅದನ್ನು ನೀರಿನ ಮೇಲೆ ತೇಲಿಬಿಡುವವರು ಯಾರು, ಅರ್ಧ ತುಂಬಿರುವಾಗ ಅದನ್ನು ತಡೆಯುವ ಅಧಿಕಾರ ಯಾರಿಗೆ, ಮುಳುಗಿದ ಮೇಲೆ ಏನಾಗತಕ್ಕದ್ದು ಎಂಬ ಮೂರು ವಿಷಯಗಳನ್ನು ಬಟ್ಟಲು ನಿರ್ಣಯಿಸಲಾರದು. ಅದನ್ನು ನಿಯೋಗಿಸಿದವನು ನಿರ್ಣಯಿಸಬೇಕು. 8253ರ ಆರು ವಿಧಾನಗಳೆಂದರೆ ಈ ಮೂರು ಪ್ರಶ್ನೆಗಳಿಗೆ ಕೊಡಬಹುದಾದ ಉಪಯುಕ್ತವಾದ ಉತ್ತರಗಳ ಆರು ಸಂಯೋಗಗಳಲ್ಲದೆ ಬೇರೆಯಲ್ಲ ಎಂಬುದು ಅವರ ಬೋಧನೆಯ ಸಾರ. ಹಾಗೆ ಹೇಳಿ ಅವರು ಪುಸ್ತಕದ ಪಟ್ಟಿಯನ್ನು ಮುರಿದು ಆರನ್ನೂ ಮೂರು ಜೋಡಿಗಳಾಗಿ ಹಲಗೆಯ ಮೇಲೆ ಕಟ್ಟಿದರು: 0 ಮತ್ತು 4 ಒಂದು ಜೋಡಿ, 1 ಮತ್ತು 5 ಇನ್ನೊಂದು, 2 ಮತ್ತು 3 ಮತ್ತೊಂದು.

ಜೋಡಿಗಳ ಮರ್ಮವು ಒಂದು ಮಧ್ಯಾಹ್ನ ಪ್ರಯೋಗಶಾಲೆಯಲ್ಲಿ ವಿಶದವಾಯಿತು. 8253ರ ಕೌಂಟರುಗಳು ಸೆಕೆಂಡಿಗೆ ಸುಮಾರು 26 ಲಕ್ಷ ಸ್ಪಂದನಗಳವರೆಗೆ ಎಣಿಸಬಲ್ಲುವು; ಆದರೆ ನಿಧಾನಕ್ಕೆ ಮಾತ್ರ ಕನಿಷ್ಠವೆಂಬುದಿಲ್ಲ, ಒಂದು ಸ್ಪಂದನಕ್ಕೂ ಇನ್ನೊಂದಕ್ಕೂ ನಡುವೆ ಗಂಟೆಯೇ ಕಳೆದರೂ ಅವು ಲೆಕ್ಕವನ್ನು ತಪ್ಪುವುದಿಲ್ಲ. ಈ ಗುಣವನ್ನು ಉಪಯೋಗಿಸಿಕೊಂಡು ನಮ್ಮ ಗುರುಗಳು ಕ್ಲಾಕಿನ ತಂತಿಯನ್ನು ಹರಳಿನಿಂದ ಬಿಡಿಸಿ ಒಂದು ಒತ್ತುಗುಂಡಿಗೆ ಸೇರಿಸಿದರು. ಲೋಹದ ಗುಂಡಿಯನ್ನು ಒಮ್ಮೆ ಒತ್ತಿದರೆ ಅದರ ತುದಿಗಳು ಕ್ಷಣಾರ್ಧದಲ್ಲಿ ಹಲವು ಸಲ ಅದುರಿ ಹಲವು ಸ್ಪಂದನಗಳನ್ನು ಕೊಡುವುದರಿಂದ, 7400 ಎಂಬ ಚಿಪ್ಪಿನ ಎರಡು ನ್ಯಾಂಡ್ ಗೇಟುಗಳನ್ನು ಪರಸ್ಪರ ಹೆಣೆದು ಆ ಅದುರನ್ನು ನಿವಾರಿಸಿದರು. ಔಟಿನ ತುದಿಗೆ ಒಂದು ಎಲ್‌ಇಡಿ ದೀಪ. ಗೇಟಿಗೆ ಮತ್ತೊಂದು ಸ್ವಿಚ್ಚು. ಹೀಗೆ, ಯಂತ್ರದ ಗತಿಯಲ್ಲಿ ಕಣ್ಣಿಗೆ ಕಾಣದೆ ಹಾದುಹೋಗುವ ಕ್ರಿಯೆಯೊಂದು ನಮ್ಮ ಬೆರಳಿನ ಗತಿಗೆ ಇಳಿದುಬಂದಿತು.

ಮೊದಲು ಮೋಡ್ 0. ಆಜ್ಞಾಪದವನ್ನು, ಎಂದರೆ ಕಂಟ್ರೋಲ್ ವರ್ಡನ್ನು ಬರೆದೊಡನೆಯೇ ದೀಪವು ಆರಿತು. ಎಣಿಕೆಯಾಗಿ 5 ಎಂಬುದನ್ನು ಕೊಟ್ಟು ಗುಂಡಿಯನ್ನು ಒತ್ತತೊಡಗಿದೆವು. ಐದು ಸಲ ಒತ್ತಿದರೂ ದೀಪವು ಹೊತ್ತಲಿಲ್ಲ. ಆರನೆಯ ಸಲಕ್ಕೆ ಹೊತ್ತಿತು. ಎಣಿಕೆಯನ್ನು ಬರೆದ ಮೇಲೆ ಬರುವ ಮೊದಲನೆಯ ಸ್ಪಂದನವು ಆ ಸಂಖ್ಯೆಯನ್ನು ಕೌಂಟರಿನೊಳಗೆ ಇಳಿಸಿಕೊಳ್ಳುವುದಕ್ಕೆ ವ್ಯಯವಾಗುವುದು, ಕಳೆಯುವ ಕೆಲಸವು ಎರಡನೆಯದರಿಂದ ಆರಂಭವಾಗುವುದು ಎಂಬ ವಾಕ್ಯವನ್ನು ನಾವು ಪುಸ್ತಕದಲ್ಲಿ ಓದಿದ್ದೆವು. ಬೆರಳಿನಿಂದ ತಿಳಿದ ಮೇಲೆ ಅದನ್ನು ನಮ್ಮಲ್ಲಿ ಯಾರೂ ಮರೆಯುವಂತಿರಲಿಲ್ಲ. ಒಮ್ಮೆ ಹೊತ್ತಿದ ದೀಪವು, ಹೊಸ ಎಣಿಕೆಯನ್ನು ಬರೆಯುವವರೆಗೂ ಹೊತ್ತಿಯೇ ಇದ್ದಿತು. ನಡುವೆ ಗೇಟನ್ನು ಲೋ ಮಾಡಿದರೆ ನಮ್ಮ ಒತ್ತುಗಳು ಲೆಕ್ಕಕ್ಕೆ ಬರಲಿಲ್ಲ; ಪುನಃ ಹೈ ಮಾಡಿದರೆ ನಿಂತಲ್ಲಿಂದಲೇ ಎಣಿಕೆ ಮುಂದುವರಿಯಿತು. ಬಳಿಕ ಇದರ ಜೊತೆಗಾರನಾದ ಮೋಡ್ 4. ಇಲ್ಲಿಯೂ ಎಣಿಕೆಯನ್ನು ಬರೆಯುವುದೇ ಆರಂಭ. ಇಲ್ಲಿಯೂ ಗೇಟು ತಡೆಯಬಲ್ಲುದೇ ಹೊರತು ಆರಂಭಿಸಲಾರದು. ಆದರೆ ಈ ಸಲ ದೀಪವು ಮೊದಲಿನಿಂದಲೂ ಹೊತ್ತಿದ್ದು, ಎಣಿಕೆ ಮುಗಿದಾಗ ಒಂದೇ ಒಂದು ಸ್ಪಂದನದ ಅವಧಿಗೆ ಆರಿ ಮತ್ತೆ ಹೊತ್ತಿಕೊಂಡಿತು. ಆರಂಭವೂ ತಡೆಯೂ ಎರಡಕ್ಕೂ ಸಮಾನ. ಅಂತ್ಯ ಮಾತ್ರ ಭಿನ್ನ. ಒಂದು ತನ್ನ ಕೆಲಸ ಮುಗಿದುದನ್ನು ಯಾರಾದರೂ ಗಮನಿಸುವವರೆಗೆ ಸಾರುತ್ತಲೇ ಇರುವುದು. ಇನ್ನೊಂದು ಒಮ್ಮೆ ಸೂಚಿಸಿ ಸುಮ್ಮನಾಗುವುದು.

ಮೋಡ್ 1ಕ್ಕೂ ಮೋಡ್ 5ಕ್ಕೂ ಎಣಿಕೆಯನ್ನು ಬರೆದು ಎಷ್ಟು ಸಲ ಗುಂಡಿಯನ್ನು ಒತ್ತಿದರೂ ಫಲವಿರಲಿಲ್ಲ. ಅವು ಪ್ರೊಸೆಸರಿನ ಬರಹವನ್ನು ಸಿದ್ಧತೆಯೆಂದು ಮಾತ್ರ ಎಣಿಸುವುವು. ಅವುಗಳಿಗೆ ಆರಂಭದ ಅಪ್ಪಣೆಯು ಗೇಟಿನ ಏರುಮುಖದಿಂದ ಬರಬೇಕು, ಎಂದರೆ ಹೊರಗಿನ ಲೋಕದಿಂದ ಬರಬೇಕು. ಗೇಟು ಏರಿದ ಮೇಲೆ ಮೋಡ್ 1ರಲ್ಲಿ ದೀಪವು ಐದು ಸ್ಪಂದನಗಳ ಉದ್ದಕ್ಕೂ ಆರಿದ್ದು ಅನಂತರ ಹೊತ್ತಿತು. ಮೋಡ್ 5ರಲ್ಲಿ ಅವಧಿಯೆಲ್ಲ ಹೊತ್ತಿದ್ದು, ಕೊನೆಯಲ್ಲಿ ಒಂದು ಸ್ಪಂದನದ ಕಾಲ ಮಾತ್ರ ಆರಿತು. ನಡುದಾರಿಯಲ್ಲಿ ಗೇಟನ್ನು ಇನ್ನೊಮ್ಮೆ ಏರಿಸಿದರೆ ಎರಡೂ ಹಿಂದಿನದನ್ನು ಬಿಟ್ಟು ಮೊದಲಿನಿಂದ ಎಣಿಸತೊಡಗಿದುವು. ಇನ್ನು ಮೋಡ್ 2 ಮತ್ತು 3ಕ್ಕೆ ಅಂತ್ಯವೆಂಬುದೇ ಇಲ್ಲ. ಎಣಿಕೆ ತೀರಿದೊಡನೆ ಅವು ತಾವಾಗಿಯೇ ಅದೇ ಸಂಖ್ಯೆಯನ್ನು ತುಂಬಿಕೊಂಡು ಪುನಃ ಹೊರಡುವುವು. ಮೋಡ್ 2ರಲ್ಲಿ ಐದು ಒತ್ತುಗಳಿಗೆ ಒಂದರಂತೆ ದೀಪವು ಆರುತ್ತಿದ್ದಿತು. ಮೋಡ್ 3 ಅವಧಿಯನ್ನು ಇಬ್ಭಾಗ ಮಾಡುವುದಾದರೂ, ಐದನ್ನು ಸರಿಯಾಗಿ ಇಬ್ಭಾಗಿಸುವುದು ಅಸಾಧ್ಯವಾದುದರಿಂದ ಮೂರು ಸ್ಪಂದನಗಳ ಕಾಲ ಹೊತ್ತಿ, ಎರಡರ ಕಾಲ ಆರಿ, ಅಧಿಕವಾದ ಒಂದನ್ನು ಬೆಳಕಿನ ಭಾಗಕ್ಕೆ ಸೇರಿಸಿತು. ಈ ಜೋಡಿಯಲ್ಲಿ ಗೇಟಿಗೆ ಎರಡು ಅಧಿಕಾರಗಳೂ ಇರುವುವು: ಲೋ ಆದರೆ ಎಣಿಕೆ ನಿಲ್ಲುವುದು, ಏರಿದರೆ ಹೊಸದಾಗಿ ಹೊರಡುವುದು. ಆಜ್ಞಾಪದದಲ್ಲಿ ವಿಧಾನವನ್ನು ಸೂಚಿಸುವುದಕ್ಕೆ ಮೂರು ಬಿಟ್ಟುಗಳಿರುವುವಷ್ಟೆ. ಮೂರು ಬಿಟ್ಟುಗಳಿಂದ ಎಂಟು ಸಂಖ್ಯೆಗಳು ಸಾಧ್ಯ. 6 ಎಂದು ಬರೆದರೆ ಚಿಪ್ಪು ಅದನ್ನು 2 ಎಂದೂ, 7 ಎಂದು ಬರೆದರೆ 3 ಎಂದೂ ಗ್ರಹಿಸುವುದು. ಆರರ ಹೊರಗೆ ಏಳನೆಯ ವರ್ತನೆಯಿಲ್ಲ.

ಆ ಮಧ್ಯಾಹ್ನ ಕಲಿತುದರ ಬೆಲೆಯು ನನಗೆ ಗೊತ್ತಾದುದು ಉದ್ಯೋಗಕ್ಕೆ ಸೇರಿದ ಮೇಲೆ. ಕನ್ನಡನಾಡಿನ ವಿದ್ಯುತ್ತು ಆ ದಿನಗಳಲ್ಲಿ ಬಹುಮಟ್ಟಿಗೆ ಶರಾವತಿಯ ನೀರನ್ನು ನಂಬಿದ್ದಿತು. ಮಳೆ ಕಡಮೆಯಾದ ವರ್ಷಗಳಲ್ಲಿ ದೀಪಗಳು ಹೊತ್ತುಗೊತ್ತಿಲ್ಲದೆ ಆರುವುದು ಎಲ್ಲರ ಅನುಭವವಾಗಿದ್ದಿತು. ನಾವು ಕಟ್ಟುತ್ತಿದ್ದ ನಿಯಂತ್ರಣಯಂತ್ರವೊಂದು ವಿದ್ಯುತ್ತು ಹೋಗುವ ಮುನ್ನ ತನ್ನಲ್ಲಿದ್ದ ಅಂಕಿಅಂಶಗಳನ್ನು ಬ್ಯಾಟರಿಯ ಆಶ್ರಯವಿರುವ ಸ್ಮೃತಿಗೆ ಸಾಗಿಸಿಕೊಳ್ಳಬೇಕಾಗಿದ್ದಿತು. ಸರಬರಾಜಿನ ಕೆಪಾಸಿಟರುಗಳಲ್ಲಿ ಉಳಿದ ವಿದ್ಯುತ್ತು ಕೆಲವು ಮಿಲಿಸೆಕೆಂಡುಗಳಿಗೆ ಸಾಕಾಗುತ್ತಿದ್ದಿತು. ಅಪಾಯವನ್ನು ಅದಕ್ಕಿಂತ ಮೊದಲೇ ತಿಳಿಯುವ ಬಗೆ ಹೇಗೆ? ಸೆಕೆಂಡಿಗೆ 50 ಆವರ್ತಗಳ ವಿದ್ಯುತ್ತು ಪ್ರತಿ 10 ಮಿಲಿಸೆಕೆಂಡಿಗೊಮ್ಮೆ ಸೊನ್ನೆಯನ್ನು ದಾಟುವುದು. ಆ ದಾಟುವಿಕೆಯಿಂದ ಒಂದು ಸ್ಪಂದನವನ್ನು ಪಡೆದು ಮೋಡ್ 1ರಲ್ಲಿರುವ ಕೌಂಟರಿನ ಗೇಟಿಗೆ ಕೊಟ್ಟೆವು. ಪ್ರೊಸೆಸರಿನ ಕ್ಲಾಕಾದ 3.072 ಮೆಗಾಹರ್ಟ್ಸ್ ಎಂಬುದು 8253ರ ಶಕ್ತಿಯನ್ನು ಮೀರಿದ ವೇಗವಾದುದರಿಂದ ಅದನ್ನು ಒಂದು ಫ್ಲಿಪ್‌ಫ್ಲಾಪಿನಿಂದ ಅರ್ಧಕ್ಕಿಳಿಸಿ ಕ್ಲಾಕಿಗೆ ಸೇರಿಸಿ, 12 ಮಿಲಿಸೆಕೆಂಡಿಗೆ ಸಮನಾದ 18432 ಎಂಬ ಸಂಖ್ಯೆಯನ್ನು ತುಂಬಿದೆವು. ವಿದ್ಯುತ್ತು ಇರುವಷ್ಟು ಕಾಲವೂ, ಎಣಿಕೆ ಮುಗಿಯುವುದಕ್ಕೆ ಮೊದಲೇ ಹೊಸ ಸ್ಪಂದನವು ಬಂದು ಅದನ್ನು ಪುನರಾರಂಭಿಸುತ್ತಿದ್ದುದರಿಂದ ಔಟು ಲೋ ಸ್ಥಿತಿಯಲ್ಲಿಯೇ ಇರುವುದು. ಒಂದು ಸ್ಪಂದನವು ತಪ್ಪಿದರೂ ಎರಡೇ ಮಿಲಿಸೆಕೆಂಡುಗಳಲ್ಲಿ ಅದು ಹೈ ಆಗಿ ಹಾಗೆಯೇ ನಿಲ್ಲುವುದು. 8085ರಲ್ಲಿ ತಡೆಯಲಾಗದ ಇಂಟರಪ್ಟಾದ ಟ್ರ್ಯಾಪ್ ಬೇಡುವುದಾದರೂ ಇದನ್ನೇ: ಏರುಮುಖವೂ ಬೇಕು, ಏರಿದ ಮೇಲೆ ನಿಂತಿರುವ ಸ್ಥಿತಿಯೂ ಬೇಕು. ಬೇರೆ ಬೇರೆ ಕೆಲಸಗಳಿಗಾಗಿ ರೂಪಿಸಿದ ಎರಡು ಚಿಪ್ಪುಗಳ ಸ್ವಭಾವವು ಇಷ್ಟು ಸಮರ್ಪಕವಾಗಿ ಕೂಡಿಬಂದುದನ್ನು ಕಂಡು ನನಗಾದ ಸಂತೋಷವು, ಗಣಿತದಲ್ಲಿ ಒಂದು ಪ್ರಮೇಯವು ಸಿದ್ಧಿಸಿದಾಗ ಆಗತಕ್ಕ ಸಂತೋಷದ ಜಾತಿಗೆ ಸೇರಿದುದು.

ಮೋಡ್ 5ನ್ನು ನಾನು ಚೆನ್ನಾಗಿ ತಿಳಿದುದು ಪೀಣ್ಯದ ಕೈಗಾರಿಕಾ ಪ್ರದೇಶದಲ್ಲಿ. ಅಲ್ಲಿ ಸಣ್ಣದೊಂದು ಕಾರ್ಯಾಗಾರಕ್ಕಾಗಿ ಥೈರಿಸ್ಟರುಗಳ ಮೂಲಕ ಶಾಖವನ್ನು ಹತೋಟಿಯಲ್ಲಿಡುವ ಉಪಕರಣವನ್ನು ಮಾಡಬೇಕಾಗಿದ್ದಿತು. ಥೈರಿಸ್ಟರು ತನ್ನ ಗೇಟಿಗೆ ಒಂದು ಸ್ಪಂದನವು ಬಂದ ಕ್ಷಣದಿಂದ ಆ ಅರ್ಧಾವರ್ತವು ಮುಗಿಯುವವರೆಗೆ ವಿದ್ಯುತ್ತನ್ನು ಹರಿಯಗೊಡುವುದು. ಆದಕಾರಣ, ಸೊನ್ನೆಯನ್ನು ದಾಟಿದ ಬಳಿಕ ಎಷ್ಟು ಹೊತ್ತು ಕಾದು ಆ ಸ್ಪಂದನವನ್ನು ಕೊಡುವೆವು ಎಂಬುದರ ಮೇಲೆಯೇ ಹೀಟರಿಗೆ ಸೇರುವ ಶಕ್ತಿಯು ನಿಲ್ಲುವುದು. ಒಂದು ಕೌಂಟರನ್ನು ಮೋಡ್ 3ರಲ್ಲಿಟ್ಟು 1.536 ಮೆಗಾಹರ್ಟ್ಸನ್ನು 128ರಿಂದ ಭಾಗಿಸಿದಾಗ ಸೆಕೆಂಡಿಗೆ 12000 ಸ್ಪಂದನಗಳು ದೊರೆತುವು. 10 ಮಿಲಿಸೆಕೆಂಡಿನ ಅರ್ಧಾವರ್ತದಲ್ಲಿ ಅಂಥವು 120. 180 ಡಿಗ್ರಿಗಳನ್ನು 120ರಿಂದ ಹಂಚಿದರೆ ಒಂದೊಂದು ಎಣಿಕೆಗೂ ಒಂದೂವರೆ ಡಿಗ್ರಿ. ಇನ್ನೊಂದು ಕೌಂಟರು ಮೋಡ್ 5ರಲ್ಲಿ ನಿಂತು, ದಾಟುವಿಕೆಯ ಸೂಚನೆಯನ್ನು ಗೇಟಿನಲ್ಲಿ ಪಡೆದು, ಬರೆದಷ್ಟು ಎಣಿಸಿ ಒಂದು ಸ್ಪಂದನವನ್ನು ಕೊಡುವುದು. ಪರೀಕ್ಷೆಗಾಗಿ ಹೀಟರಿನ ಸ್ಥಾನದಲ್ಲಿ ಒಂದು ಬಲ್ಬನ್ನು ತೂಗಿಬಿಟ್ಟು, ಎಣಿಕೆಯನ್ನು ಮೆಲ್ಲಮೆಲ್ಲನೆ ಕಡಮೆ ಮಾಡುತ್ತ ಬಂದಾಗ, ಕೆಂಪಾಗಿ ಕನಲಿದ ತಂತಿಯು ಹೊಂಬಣ್ಣಕ್ಕೆ ತಿರುಗಿ ಕಡೆಗೆ ಪೂರ್ಣವಾದ ಬೆಳಕಾಗಿ ಅರಳಿತು. ಪ್ರೊಸೆಸರು ಈ ಕೆಲಸದಲ್ಲಿ ಭಾಗವಹಿಸಿದುದು, ಸಂಖ್ಯೆಯನ್ನು ಬದಲಾಯಿಸಿದಾಗ ಮಾತ್ರ. ಉಳಿದ ಕಾಲವೆಲ್ಲ ಅದು ಉಷ್ಣತೆಯನ್ನು ಓದುವ ತನ್ನ ಮುಖ್ಯವಾದ ಕೆಲಸದಲ್ಲಿ ನಿರತವಾಗಿದ್ದಿತು.

ನಡುವೆ ಎಣಿಕೆಯನ್ನು ಓದಿ ತಿಳಿಯುವುದರಲ್ಲಿಯೂ ಒಂದು ಸೂಕ್ಷ್ಮವುಂಟು. ಕೌಂಟರು 16 ಬಿಟ್ಟಿನದು, ಪ್ರೊಸೆಸರಿನ ದಾರಿ ಎಂಟು ಬಿಟ್ಟಿನದು. ಆದುದರಿಂದ ಕೆಳಗಿನ ಅರ್ಧವನ್ನು ಮೊದಲೂ ಮೇಲಿನ ಅರ್ಧವನ್ನು ಅನಂತರವೂ ಓದಬೇಕು. ಕೌಂಟರಿನಲ್ಲಿ 768 ಇರುವಾಗ ಕೆಳಗಿನ ಅರ್ಧವಾದ ಸೊನ್ನೆಯನ್ನು ಓದಿ, ಮೇಲಿನದನ್ನು ಓದುವಷ್ಟರಲ್ಲಿ ಅದು 767ಕ್ಕೆ ಇಳಿದಿದ್ದರೆ, ಎರಡು ಅರ್ಧಗಳನ್ನು ಜೋಡಿಸಿದಾಗ ದೊರೆಯುವುದು 512. ಆ ಸಂಖ್ಯೆಯು ಕೌಂಟರಿನಲ್ಲಿ ಆ ಹೊತ್ತಿನಲ್ಲಿ ಎಂದೂ ಇರಲಿಲ್ಲ. ಈ ಅಸತ್ಯವನ್ನು ತಪ್ಪಿಸುವುದಕ್ಕಾಗಿಯೇ ಲ್ಯಾಚ್ ಎಂಬ ಆಜ್ಞೆಯನ್ನು ಇಟ್ಟಿದ್ದಾರೆ: ಅದನ್ನು ಬರೆದೊಡನೆ ಆ ಕ್ಷಣದ ಎಣಿಕೆಯ ಒಂದು ಪ್ರತಿಯು ಪಕ್ಕಕ್ಕೆ ನಿಲ್ಲುವುದು, ಎಣಿಕೆಯು ಮಾತ್ರ ಎಡೆಬಿಡದೆ ನಡೆಯುತ್ತಿರುವುದು. ಅನಂತರ ಬಂದ 8254ರಲ್ಲಿ ವೇಗವು 8 ಮೆಗಾಹರ್ಟ್ಸಿಗೆ ಏರಿದುದಲ್ಲದೆ, ಮೂರು ಕೌಂಟರುಗಳ ಎಣಿಕೆಯನ್ನೂ ಸ್ಥಿತಿಯನ್ನೂ ಒಂದೇ ಆಜ್ಞೆಯಿಂದ ಹಿಡಿದು ಓದುವ ಸೌಕರ್ಯವೂ ದೊರೆಯಿತು. ಆರು ವಿಧಾನಗಳು ಮಾತ್ರ ಹಾಗೆಯೇ ಉಳಿದುವು.

ಅಧ್ಯಾಪಕನಾದ ಮೇಲೆ ನನಗೆ ಬೋಧನೆಯ ಉತ್ತಮ ಸಾಧನವಾಗಿ ಒದಗಿದುದು ಪರ್ಸನಲ್ ಕಂಪ್ಯೂಟರು. 1981ರಲ್ಲಿ ಐಬಿಎಂ ಸಂಸ್ಥೆಯು ಹೊರತಂದ ಆ ಯಂತ್ರದ ಹೃದಯಭಾಗದಲ್ಲಿ ಒಂದು 8253 ಇದ್ದಿತು. ಅದಕ್ಕೆ ಬರುತ್ತಿದ್ದ ಕ್ಲಾಕಿನ ವೇಗ ಸೆಕೆಂಡಿಗೆ 1193182. ಈ ವಿಚಿತ್ರವಾದ ಸಂಖ್ಯೆಯು ಅಮೆರಿಕದ ಬಣ್ಣದ ಟೆಲಿವಿಷನ್ನಿನ ಆವರ್ತಾಂಕಕ್ಕೆ ನಾಲ್ಕು ಪಟ್ಟಾದ 14.31818 ಮೆಗಾಹರ್ಟ್ಸಿನ ಹರಳನ್ನು 12ರಿಂದ ಭಾಗಿಸಿದ ಫಲ. ಮೂರು ಕೌಂಟರುಗಳಿಗೂ ಅಲ್ಲಿ ಬೇರೆ ಬೇರೆ ಉದ್ಯೋಗಗಳನ್ನು ಹಂಚಿದ್ದರು. ಮೊದಲನೆಯದು ಮೋಡ್ 3ರಲ್ಲಿ, ಎಣಿಕೆಯಾಗಿ ಸೊನ್ನೆಯನ್ನು ಪಡೆದು ನಡೆಯುತ್ತಿದ್ದಿತು. ಸೊನ್ನೆಯೆಂದರೆ ಇಲ್ಲಿ ಅತ್ಯಂತ ದೊಡ್ಡ ಎಣಿಕೆಯಾದ 65536 ಎಂದೇ ಅರ್ಥ. ಅದರಿಂದ ಸೆಕೆಂಡಿಗೆ ಸುಮಾರು 18.2 ಇಂಟರಪ್ಟುಗಳು ಹುಟ್ಟುತ್ತಿದ್ದುವು. 1573040 ಇಂಟರಪ್ಟುಗಳಿಗೆ ಒಂದು ದಿನವು ಮುಗಿಯಿತೆಂದು ಯಂತ್ರವು ಎಣಿಸುತ್ತಿದ್ದಿತು. ಎರಡನೆಯದು ಮೋಡ್ 2ರಲ್ಲಿ 18ನ್ನು ಎಣಿಸುತ್ತ, ಸುಮಾರು 15 ಮೈಕ್ರೊಸೆಕೆಂಡಿಗೊಮ್ಮೆ ಸ್ಮೃತಿಯ ಒಂದು ಸಾಲನ್ನು ಪುನಶ್ಚೇತನಗೊಳಿಸುವುದಕ್ಕೆ ಸೂಚನೆಯನ್ನು ಕೊಡುತ್ತಿದ್ದಿತು. ಆ ಕಾಲದ ಡೈನಮಿಕ್ ಸ್ಮೃತಿಯಲ್ಲಿ ಒಂದೊಂದು ಬಿಟ್ಟೂ ಒಂದು ಕಿರಿಯ ವಿದ್ಯುತ್ಸಂಗ್ರಹ. ಅದು ತಾನಾಗಿ ಸೋರಿಹೋಗುವುದರಿಂದ 128 ಸಾಲುಗಳನ್ನೂ ಎರಡು ಮಿಲಿಸೆಕೆಂಡಿನೊಳಗೆ ಒಮ್ಮೆ ಸಂದರ್ಶಿಸಲೇಬೇಕು. 128 ಸಲ 15 ಮೈಕ್ರೊಸೆಕೆಂಡೆಂದರೆ ಎರಡು ಮಿಲಿಸೆಕೆಂಡಿಗೆ ತುಸು ಒಳಗೆ. ಆ ಕೌಂಟರು ನಿಂತರೆ ಯಂತ್ರದ ಸ್ಮೃತಿಯೇ ಅಳಿಸಿಹೋಗುವುದೆಂದು ತಿಳಿದಾಗ ವಿದ್ಯಾರ್ಥಿಗಳ ಮುಖದಲ್ಲಿ ಮೂಡುತ್ತಿದ್ದ ಗಾಂಭೀರ್ಯವನ್ನು ಪ್ರತಿ ವರ್ಷವೂ ಹೊಸದಾಗಿ ನೋಡುವುದು ನನಗೆ ಪ್ರಿಯವಾಗಿದ್ದಿತು.

ಮೂರನೆಯ ಕೌಂಟರಿನ ಪಾಲಿಗೆ ಬಂದುದು ನಾದ. ಅದು ಮೋಡ್ 3ರಲ್ಲಿ ನಡೆದು ಯಂತ್ರದ ಪುಟ್ಟ ಸ್ಪೀಕರನ್ನು ನುಡಿಸುವುದು. ಸಂಗೀತಾಭ್ಯಾಸ ಮಾಡುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಒಮ್ಮೆ ಮೋಹನ ರಾಗದ ಆರೋಹಣವನ್ನು ಅದರಿಂದ ನುಡಿಸಬೇಕೆಂದು ಸಂಕಲ್ಪಿಸಿದಳು. ಷಡ್ಜವನ್ನು ಸೆಕೆಂಡಿಗೆ 240 ಕಂಪನಗಳೆಂದು ನಿಶ್ಚಯಿಸಿಕೊಂಡು, ಸ್ವರಗಳ ಪರಸ್ಪರ ಪ್ರಮಾಣದಂತೆ ರಿಷಭಕ್ಕೆ 270, ಗಾಂಧಾರಕ್ಕೆ 300, ಪಂಚಮಕ್ಕೆ 360, ಧೈವತಕ್ಕೆ 400, ತಾರಷಡ್ಜಕ್ಕೆ 480 ಎಂದು ಬರೆದು, 1193182ನ್ನು ಒಂದೊಂದರಿಂದಲೂ ಭಾಗಿಸಿದಾಗ ಅವಳಿಗೆ ದೊರೆತ ಎಣಿಕೆಗಳು 4972, 4419, 3977, 3314, 2983, 2486. ಚೌಕಾಕಾರದ ತರಂಗದಲ್ಲಿ ಮೂಲಸ್ವರದ ಬೆಸ ಸಂಖ್ಯೆಯ ಮಡಿಗಳು ಮಾತ್ರ ಇರುವುದರಿಂದ ದನಿಯು ತೀಕ್ಷ್ಣವಾಗಿದ್ದಿತಾದರೂ, ಶ್ರುತಿಯು ಶುದ್ಧವಾಗಿದ್ದಿತು; ಕಿವಿಯುಳ್ಳವರಿಗೆ ಅದು ಮೋಹನವೆಂದು ಸಂದೇಹಕ್ಕೆಡೆಯಿಲ್ಲದೆ ತಿಳಿಯುವಂತಿದ್ದಿತು. ಆದರೆ ಬಿಡಿಬಿಡಿಯಾದ ಸ್ವರಗಳಿಂದ ಅವಳಿಗೆ ತೃಪ್ತಿಯಾಗಲಿಲ್ಲ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಗಮಕವು ಬೇಕೆಂದಳು. ಮೋಡ್ 3ರಲ್ಲಿ ಎಣಿಕೆಯು ನಡೆಯುತ್ತಿರುವಾಗಲೇ ಹೊಸ ಸಂಖ್ಯೆಯನ್ನು ಬರೆದರೆ, ಅದು ನಡೆಯುತ್ತಿರುವ ಅರ್ಧಾವರ್ತವನ್ನು ಕಡಿಯದೆ, ಅದು ಮುಗಿದ ಬಳಿಕವೇ ಜಾರಿಗೆ ಬರುವುದೆಂಬ ಸಂಗತಿಯನ್ನು ಅವಳಿಗೆ ತಿಳಿಸಿದೆನು. ಅವಳು 3977ರಿಂದ 3314ರವರೆಗೆ ಸ್ವಲ್ಪಸ್ವಲ್ಪವಾಗಿ ಇಳಿಯುವ ಸಂಖ್ಯೆಗಳ ಸಾಲನ್ನು ಬರೆದಳು. ಗಾಂಧಾರವು ಎಲ್ಲಿಯೂ ತುಂಡಾಗದೆ ಪಂಚಮಕ್ಕೆ ಏರಿತು. ತಂತ್ರಜ್ಞಾನದ ಪುಸ್ತಕದಲ್ಲಿ ಅಡಿಟಿಪ್ಪಣಿಯಂತೆ ಬರುವ ಒಂದು ನಿಯಮವು ಯಾವ ಸೌಂದರ್ಯಕ್ಕೆ ಆಧಾರವಾಗಬಲ್ಲುದೆಂಬುದನ್ನು ನಾನು ಅವಳಿಂದ ಕಲಿತೆನು.

ಕಾಲಕ್ರಮದಲ್ಲಿ ಆ ಚಿಪ್ಪು ಪ್ರತ್ಯೇಕವಾದ ವಸ್ತುವಾಗಿ ಉಳಿಯದೆ ದೊಡ್ಡ ಚಿಪ್ಪುಗಳೊಳಗೆ ಸೇರಿಹೋಯಿತು. ಸಾದರ ಪತ್ರಪ್ಪ ರಸ್ತೆಯ ಅಂಗಡಿಗಳಲ್ಲಿ ನಾವು ಕೊಳ್ಳುತ್ತಿದ್ದ 24 ಕಾಲುಗಳ ರೂಪವು ಅಪರೂಪವಾಯಿತು. ಅದರ ಧರ್ಮವು ಮಾತ್ರ ಅಳಿಯಲಿಲ್ಲ. ಲಿನಕ್ಸ್ ಎಂಬ ಕಾರ್ಯವ್ಯವಸ್ಥೆಯ ಕರ್ನಲನ್ನು ಓದುತ್ತಿದ್ದಾಗ ನಾನು ಅಲ್ಲಿ ಕಂಡ ಸಂಗತಿಯೊಂದು ಇದಕ್ಕೆ ಸಾಕ್ಷಿ. ಇಂದಿನ ಪ್ರೊಸೆಸರಿನಲ್ಲಿ ಸೆಕೆಂಡಿಗೆ ನೂರಾರು ಕೋಟಿ ಸಲ ಮುಂದಕ್ಕೆ ಸರಿಯುವ ಒಂದು ಕೌಂಟರು ಇರುವುದು. ಆದರೆ ಯಂತ್ರವು ಎಚ್ಚರಗೊಳ್ಳುವಾಗ ಅದರ ಗತಿಯು ನಿಜವಾಗಿ ಎಷ್ಟೆಂಬುದು ಅನೇಕ ಯಂತ್ರಗಳಲ್ಲಿ ಗೊತ್ತಿರುವುದಿಲ್ಲ. ಆಗ ಕರ್ನಲು ಆ ಹಳೆಯ ಟೈಮರಿನ ಮೂರನೆಯ ಕೌಂಟರನ್ನು ಕರೆದು, ಸ್ಪೀಕರಿನ ಬಾಯನ್ನು ಮುಚ್ಚಿ, ಗೇಟನ್ನು ತೆರೆದು, ಮೋಡ್ 0ರಲ್ಲಿ ಒಂದು ಎಣಿಕೆಯನ್ನು ಕೊಟ್ಟು, ಅದು ಇಳಿಯುವ ಅವಧಿಯಲ್ಲಿ ವೇಗದ ಕೌಂಟರು ಎಷ್ಟು ದೂರ ಸರಿಯಿತೆಂದು ನೋಡಿ ಅದರ ಗತಿಯನ್ನು ನಿರ್ಣಯಿಸುವುದು. ಇಲ್ಲಿ ಬೇಕಾದುದು ಒಮ್ಮೆ ಮಾತ್ರ ನಡೆಯುವ ಎಣಿಕೆ. ಆರಂಭವು ಪ್ರೋಗ್ರಾಮಿನಿಂದ ಆಗಬೇಕು. ಮುಗಿದ ಮೇಲೆ ಆ ಗುರುತು ಅಳಿಯದೆ ನಿಲ್ಲಬೇಕು. ಮೂರು ಪ್ರಶ್ನೆಗಳಿಗೆ ಈ ಮೂರು ಉತ್ತರಗಳನ್ನು ಕೊಟ್ಟವನಿಗೆ ಮೋಡ್ 0 ಹೊರತು ಬೇರೆ ದಾರಿಯಿಲ್ಲ. ಬೆರಳಿನಿಂದ ಕ್ಲಾಕನ್ನು ಒತ್ತಿ ನಾವು ಕಲಿತ ಮೊದಲನೆಯ ಪಾಠವೇ ಅಲ್ಲಿ ಉಪಯೋಗದಲ್ಲಿದ್ದಿತು.

ಈಗಿನ ವಿದ್ಯಾರ್ಥಿಗಳು ಮೊದಲು ಕೈಗೆತ್ತಿಕೊಳ್ಳುವ ಆರ್ಡುಯಿನೊ ಹಲಗೆಯ ಮೈಕ್ರೊಕಂಟ್ರೋಲರಿನೊಳಗೂ ಇಂಥ ಟೈಮರುಗಳಿರುವುವು. ಆದರೂ ಡಿಲೇ ಎಂಬ ಸಿದ್ಧವಾದ ಮಾತೊಂದು ಸುಲಭವಾಗಿ ದೊರೆಯುವುದರಿಂದ, ಕಾಯಬೇಕಾದಲ್ಲೆಲ್ಲ ಅವರು ಅದನ್ನೇ ಬರೆಯುವರು. ಅದು ಪ್ರೊಸೆಸರನ್ನು ಬೇರೆ ಕೆಲಸಕ್ಕೆ ಬಿಡದೆ ಕಾಯಿಸುವುದು. ನಾವು 8085ರ ಮೇಲೆ ಮಾಡುತ್ತಿದ್ದ ಕಳೆಯುವ ಆವರ್ತನೆಯ ಕಷ್ಟವೇ ಹೀಗೆ ಇನ್ನೊಂದು ತಲೆಮಾರಿಗೆ ಸಂದಿದೆ. ಇದರಲ್ಲಿ ವಿದ್ಯಾರ್ಥಿಗಳ ದೋಷವೇನೂ ಇಲ್ಲ. ಒಳಗಿರುವುದನ್ನು ಕಾಣಿಸುವ ಪ್ರಯೋಗವನ್ನು ನಾವು ಅವರಿಗೆ ಒದಗಿಸಬೇಕು. ಪಠ್ಯಕ್ರಮವನ್ನು ರೂಪಿಸುವವರಲ್ಲಿ ನನ್ನ ಪ್ರಾರ್ಥನೆಯೆಂದರೆ, ಯಾವ ಹೊಸ ಚಿಪ್ಪನ್ನು ಬೋಧಿಸುವುದಾದರೂ ಒಂದು ಮಧ್ಯಾಹ್ನವನ್ನು ಕೈಯಿಂದ ಒತ್ತುವ ಕ್ಲಾಕಿಗೆ ಮೀಸಲಿಡಲಿ. ಆಜ್ಞಾಪದಗಳ ಪಟ್ಟಿಯನ್ನು ಅನಂತರ ಕೊಡಲಿ. ಕೊಟ್ಟ ಸಂಖ್ಯೆಯಿಂದ ಸೊನ್ನೆಯವರೆಗೆ ತಪ್ಪಿಲ್ಲದೆ ಇಳಿಯುವ ಸಾಮರ್ಥ್ಯವನ್ನು ಆ ಸಣ್ಣ ಉಪಕರಣಕ್ಕೆ ಅದನ್ನು ನಿರ್ಮಿಸಿದವರು ಕೊಟ್ಟಿದ್ದಾರೆ. ಆರಂಭವು ಯಾರ ಕೈಯಲ್ಲಿರಬೇಕು, ನಡುವೆ ತಡೆಯುವ ಅಧಿಕಾರವು ಯಾರಿಗಿರಬೇಕು, ಮುಗಿದ ಮೇಲೆ ಗುರುತು ನಿಲ್ಲಬೇಕೋ, ಒಂದು ಸೂಚನೆಯು ಸಾಕೋ, ಪುನರಾರಂಭವಾಗಬೇಕೋ ಎಂದು ನಿಶ್ಚಯಿಸುವ ಹೊಣೆಯನ್ನು ಅವರು ನಮಗೆ ಬಿಟ್ಟಿದ್ದಾರೆ. ಹೀಟರಾಗಲಿ ದೀಪವಾಗಲಿ ರಾಗವಾಗಲಿ, ಕಾಲವನ್ನು ಯಂತ್ರದ ವಶಕ್ಕೆ ಒಪ್ಪಿಸುವ ಪ್ರತಿಯೊಬ್ಬನೂ ಆ ಮೂರಕ್ಕೂ ಉತ್ತರವನ್ನು ಮೊದಲು ತನ್ನ ಮನಸ್ಸಿನಲ್ಲಿ ಸಿದ್ಧಪಡಿಸಿಕೊಂಡಿರಬೇಕು. ಹಾಗೆ ಸಿದ್ಧನಾದವನಿಗೆ ವಿಧಾನದ ಅಂಕಿಯನ್ನು ಆರಿಸುವುದು ಕಷ್ಟವಾದುದನ್ನು ನಾನು ಇಷ್ಟು ವರ್ಷಗಳ ಬೋಧನೆಯಲ್ಲಿ ಕಂಡಿಲ್ಲ.